ಏಳನೇ ಪ್ಯಾನೆಲ್‌ನ ಲೇಬಲ್

ಮಾರ್ಚ್ ೩, ಮಧ್ಯಾಹ್ನ

ಆರು ಲೇಬಲ್ ಅಂಟಿಸಿದೆ. ಏಳನೆಯದು ಬಾಕಿ. ಕರೆಂಟಿನ ಪ್ಯಾನೆಲ್ ಒಳಗೆ ಶಾರ್ಟ್ ಆಗಿ ಬೆಂಕಿ ಚಿಮ್ಮಿದರೆ ಎದುರಿಗೆ ನಿಂತವರ ಮೈಗೆ ಎಷ್ಟು ಕ್ಯಾಲರಿ ತಾಪ ತಗಲುತ್ತದೆ — ಲೆಕ್ಕ ಹಾಕಿ ಬಾಗಿಲ ಮೇಲೆ ಅಂಟಿಸುವುದು ನನ್ನ ಕೆಲಸ. ಅದನ್ನು ನೋಡಿ ಬೆಂಕಿ ತಡೆಯುವ ಸೂಟ್ ಹಾಕಿಕೊಳ್ಳುವುದು ಭಾವನ ಕೆಲಸ. ಅಕ್ಕನ ಗಂಡ, ಈ ಗಾಜಿನ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಮನೆಯಲ್ಲಿ ನನ್ನನ್ನು ಕರೆಯುವುದೇ ‘ಕ್ಯಾಲರಿ’ ಎಂದು. ಮುಂದಿನ ವಾರ ಏಳನೆಯದನ್ನು ತೆರೆದು ನೋಡಬೇಕಂತೆ, ಕರೆಂಟ್ ಹರಿಯುತ್ತಿರುವಾಗಲೇ. ಪವರ್ ತೆಗೆದರೆ ಕುಲುಮೆ ತಣ್ಣಗಾಗುತ್ತದಂತೆ.

ಅದರ ಲೆಕ್ಕ ಐದು ಕ್ಯಾಲರಿ ಬಂತು. ತೆಳು ಸೂಟ್ ಸಾಕು. ಅಂಟಿಸಲು ಕೈ ಎತ್ತಿದೆ… ಹಿಂದೆ ‘ಆದ್ರೆ ಮೇಡಂ’. ನಮ್ಮ ಸೀನಿಯರ್. ಎಲ್ಲದಕ್ಕೂ ‘ಆದ್ರೆ’ ಎನ್ನುತ್ತಾರೆಂದು ಆಫೀಸಿನವರು ಇಟ್ಟ ಹೆಸರು.

“ಯಾವ ಫಾಲ್ಟ್ ತಗೊಂಡೆ?”

“ಮೂರೂ ಲೈನ್ ಒಟ್ಟಿಗೆ ಶಾರ್ಟ್ ಆಗೋದು, ಮೇಡಂ. ಅದ್ರಲ್ಲೇ ಕರೆಂಟ್ ಜಾಸ್ತಿ.”

“ಆದ್ರೆ ಒಂದೇ ಲೈನ್ ಪ್ಯಾನೆಲ್ ಮೈಗೆ ತಾಗಿ ಅರ್ತ್ ಆದ್ರೆ?”

“ಕರೆಂಟ್ ಕಮ್ಮಿ. ಬೆಂಕಿನೂ ಕಮ್ಮಿ.”

“ಕರೆಂಟ್ ಕಮ್ಮಿ ಆದ್ರೆ ಬ್ರೇಕರ್ ಬೇಗ ಟ್ರಿಪ್ ಆಗುತ್ತಾ?”

ಎತ್ತಿದ ಕೈ ಇಳಿಸಿದೆ. ಆಗುವುದಿಲ್ಲ. ತಡ. ಅಷ್ಟು ಹೊತ್ತೂ ಉರಿಯುತ್ತಲೇ ಇರುತ್ತದೆ.

ಮಾರ್ಚ್ ೪

ಹೊಸ ಲೆಕ್ಕ. ಕರೆಂಟ್ ಅರ್ಧಕ್ಕಿಂತ ಕಡಿಮೆ, ತಾಪ ಹತ್ತೊಂಬತ್ತು! ತೆಳು ಸೂಟ್ ತಡೆಯುವುದು ಎಂಟು.

ಮ್ಯಾನೇಜರ್ ಗುರ್ರೆಂದರು. “ಇದಕ್ಕೆ ಪಕ್ಕಾ ಸೂತ್ರ ಇದೆಯಾ?”

“ಇಲ್ಲ ಸರ್, ಅಂದಾಜು,” ಎಂದರು ಮೇಡಂ. “ಆದ್ರೆ ಅಂದಾಜು ತಪ್ಪಿದ್ರೆ ಸುಡೋದು ನಿಮ್ಮ ಮುಖ ಅಲ್ಲ, ನನ್ನದೂ ಅಲ್ಲ.”

ಗೊತ್ತಿಲ್ಲ ಎನ್ನುವಾಗಲೂ ದನಿ ಇಳಿಯಲಿಲ್ಲ. ನನಗೋ, ಗೊತ್ತಿದ್ದದ್ದನ್ನು ಹೇಳುವಾಗಲೇ ನಾಲಿಗೆ ತೊದಲುತ್ತದೆ. ಎಂಥ ಹೆಂಗಸು! ದಪ್ಪ ಸೂಟ್ ಇಲ್ಲದೆ ಏಳನೆಯದನ್ನು ತೆರೆಯಬಾರದು ಎಂದು ಒಪ್ಪಿಸಿಯೇ ಕುರ್ಚಿ ಬಿಟ್ಟರು.

ಮಾರ್ಚ್ ೫, ಸಂಜೆ

ಭಾವನ ಗೊಣಗಾಟ. “ಆ ದಪ್ಪ ಸೂಟಲ್ಲಿ ನಾನೇ ಬೆಂದು ಹೋಗ್ತೀನಿ ಕಣೇ ಕ್ಯಾಲರಿ. ನೀನೋ, ನಿನ್ನ ಮೇಡಮ್ಮೋ…”

ಅಕ್ಕ ತಟ್ಟೆ ಇಡುತ್ತಾ, “ಬೇಯಿರಿ. ಬೆವರು ಒರೆಸಿದ್ರೆ ಹೋಗುತ್ತೆ.”

ಮಾರ್ಚ್ ೧೧, ಸಂಜೆ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ದಪ್ಪ ಸೂಟ್ ಹಾಕಿಕೊಂಡೇ ಭಾವ ಏಳನೆಯದರ ಮುಚ್ಚಳ ತೆಗೆದರು. ಒಳಗೆ ಯಾರೋ ಎಂದೋ ಮರೆತ ಬೋಲ್ಟ್ ಜಾರಿತು — ಒಂದೇ ಲೈನಿಗೂ ಪ್ಯಾನೆಲ್ ಮೈಗೂ ನಡುವೆ. ಢಂ! ಕಣ್ಣು ಕುಕ್ಕುವ ಬೆಳಕು… ಬ್ರೇಕರ್ ಬೀಳಲಿಲ್ಲ, ಬೀಳಲಿಲ್ಲ, ಆಮೇಲೆ ಬಿತ್ತು.

ಸೂಟಿನ ಎದೆ ಕರಕಲು. ಮುಖದ ಗಾಜು ಕಪ್ಪು. ಅದನ್ನು ಎತ್ತಿ ಭಾವ ಆಡಿದ ಮೊದಲ ಮಾತು: “ಆದ್ರೆ ಮೇಡಂ ಎಲ್ಲಿ?”

ಅಡ್ಡಹೆಸರು ಮೊದಲ ಸಲ ಮೇಡಂ ಕಿವಿಗೇ ಬಿತ್ತು. “ಇಲ್ಲೇ ಇದೀನಪ್ಪ,” ಎಂದು ಭಾವನ ತೋಳು ಹಿಡಿದು ಕೂರಿಸಿದರು. ಇಂಥವರ ಕೈಕೆಳಗೆ ಕೆಲಸ ಸಿಕ್ಕಿದ್ದು ನನ್ನ ಪುಣ್ಯ.

ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅಕ್ಕ ಬಾಗಿಲಲ್ಲೇ. ಭಾವನ ಹುಬ್ಬು ಮುಟ್ಟಿ ಮುಟ್ಟಿ ನೋಡಿದಳು. ಮೊದಲು ಎಡ, ಆಮೇಲೆ ಬಲ. ಎರಡೂ ಇದ್ದವು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಆ ಮೇಡಂಗೆ ಭಾನುವಾರ ಊಟಕ್ಕೆ ಬರೋಕೆ ಹೇಳು, ‘ಆದ್ರೆ’ ಅಂದ್ರೆ ಬಿಡಬೇಡ,” ಎಂದವಳು ಅಡುಗೆಮನೆಗೆ ನಡೆದಳು.