ಮೂರು ಒತ್ತಿದವರಿಗೆ ಮೂವತ್ತು ಸೆಕೆಂಡು

ಬಿಷ್ಕೆಕ್
ಫೆಬ್ರವರಿ 16, 2019, ಶನಿವಾರ

ಪ್ರೀತಿಯ ಜೂರಾಕನ್ ಅಕ್ಕಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ನಾನು ಕಳಿಸಿದ ಒಂಟೆಯುಣ್ಣೆಯ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಹೊಸದು ಹಾಳಾದೀತೆಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೀಯೋ? ಅತ್‌ಬಾಶಿಯಲ್ಲಿ ಈ ವಾರ ಮೈನಸ್ ಇಪ್ಪತ್ತೆಂಟು ಎಂದು ಟಿ.ವಿ.ಯಲ್ಲಿ ಹೇಳಿದರು. ಕಲ್ಲಿದ್ದಲು ಸಾಲುತ್ತದೆಯೇ? ಕೆಂಪು ಹಸು ಇನ್ನೂ ಹಾಲು ಕೊಡುತ್ತಿದೆಯೇ? ನಿನ್ನ ಮಗಳು, ಅಳಿಯ, ಅವರ ಕೂಸು ಎಲ್ಲ ಕ್ಷೇಮವೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನವಳು ನಿನಗೆ ಸಲಾಂ ಹೇಳಿದ್ದಾಳೆ. ನಾನು ಇನ್ನೂ ಎರಡು ಕಿಲೋ ದಪ್ಪಗಾಗಿದ್ದೇನೆ ಎಂದೂ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ಇನ್ನು ವಿಷಯ. ನನ್ನ ಅಭ್ಯಾಸ ನಿನಗೆ ಗೊತ್ತು, ಮೊದಲು ಲೆಕ್ಕ. ಫೋನ್ ಕರೆಗಳನ್ನು ತಾನೇ ಎತ್ತಿ ಹಂಚುವ ಯಂತ್ರ, ಎಪ್ಪತ್ತೆಂಟು ಸಾವಿರ ಸೊಮ್. ಆರು ಹೊಸ ಫೋನು, ಹದಿನೈದು ಸಾವಿರ. ನನ್ನ ಕೂಲಿ, ಇಪ್ಪತ್ತು ಸಾವಿರ. ಯಂತ್ರಕ್ಕೆ ಸ್ವಾಗತದ ಮಾತುಗಳನ್ನು ತನ್ನ ದನಿಯಲ್ಲಿ ತುಂಬಿಕೊಟ್ಟ ಹುಡುಗಿಗೆ ಒಂದು ಡಬ್ಬಿ ಚಾಕೊಲೇಟ್, ನಾನೂರ ಇಪ್ಪತ್ತು. ಇದಿಷ್ಟೂ ನೀನು ಜಂತುಹುಳುವಿನ ಔಷಧ ಕೊಂಡೆಯಲ್ಲ, ಆ ಕಂಪನಿ ಮಾಡಿದ ಖರ್ಚು. ನಿನ್ನ ಖರ್ಚು ಹದಿನಾಲ್ಕು ಮರಿ, ಹುಟ್ಟುವ ಮೊದಲೇ. ಹೌದು ಅಕ್ಕಾ, ನೀನು ಡಿಸೆಂಬರಿನಲ್ಲಿ ಫೋನ್ ಮಾಡಿದಾಗ ನಿನಗೆ ಉತ್ತರ ಕೊಡದ ಯಂತ್ರವನ್ನು ಅಲ್ಲಿ ಕೂರಿಸಿದವನು ನಾನೇ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೂರುಜ್ ಹಬ್ಬದ ಮೊದಲು ನಿನ್ನ ಮೈದುನ ತುರ್ದುಬೆಕ್ ಹಿರಿಯರನ್ನು ಕೂರಿಸಿ, ಭಾವ ಹೋದ ಮೇಲೆ ನೀನು ನೋಡಿಕೊಳ್ಳುತ್ತಿರುವ ಮಂದೆಯನ್ನು ನಿನ್ನ ಕೈಯಿಂದ ಬಿಡಿಸಿ ತನ್ನ ದೊಡ್ಡಿಗೆ ಹೊಡೆಯುವ ಮಾತೆತ್ತುತ್ತಾನಂತೆ. ಫೋನಿನ ಮಾತನ್ನು ಹಿರಿಯರ ಮುಂದೆ ಇಡಲಾಗುವುದಿಲ್ಲ, ಕಾಗದವನ್ನು ಇಡಬಹುದು. ಅದಕ್ಕೇ ಬರೆಯುತ್ತಿದ್ದೇನೆ. ಅವನ ಮುಂದೆ ಗಟ್ಟಿಯಾಗಿ ಓದಿಸು.

ಆ ಕಚೇರಿಯಲ್ಲಿ ಮೊದಲು ಬುರುಲ್ ಎಂಬ ಹುಡುಗಿ ಫೋನ್ ಎತ್ತುತ್ತಿದ್ದಳು. ನಮ್ಮ ಬೆಟ್ಟದ ಕಡೆಯವರ ಕರೆ ಬಂದರೆ ರಿಸೀವರನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು, ಕೈಯಲ್ಲಿ ಕಾಲುಚೀಲ ಹೆಣೆಯುತ್ತ, ಹೂಂ, ಚೆನ್ನಾಗಿದಾರೆ, ಹೂಂ, ದೇವರ ದಯೆ ಎನ್ನುತ್ತಿದ್ದಳು. ಕುಶಲವೆಲ್ಲ ಮುಗಿದ ಮೇಲೆ, ಈಗ ಹೇಳಿ ಅಮ್ಮಾ, ಏನಾಗಬೇಕಿತ್ತು, ಎನ್ನುತ್ತಿದ್ದಳು. ನಾನು ಯಂತ್ರ ಮಾರಲು ಹೋದವನು ಒಂದು ಇಡೀ ದಿನ ಅವಳ ಪಕ್ಕ ಗಡಿಯಾರ ಹಿಡಿದು ಕುಳಿತೆ. ಒಂದು ಕರೆಗೆ ನಾಲ್ಕು ನಿಮಿಷ, ಅದರಲ್ಲಿ ಮೂರು ನಿಮಿಷ ಬರೀ ಕುಶಲ. ಸಂಜೆ ಒಡೆಯನ ಮುಂದೆ ಆ ಹಾಳೆ ಇಟ್ಟು, ‘ಸ್ವಾಮಿ, ನೀವು ಸಂಬಳ ಕೊಡ್ತಿರೋದು ಯಾರದೋ ಹಸು ಚೆನ್ನಾಗಿದೆಯಾ ಅಂತ ಕೇಳಿಸ್ಕೊಳ್ಳೋಕೆ’ ಎಂದೆ. ಆತ ಹಾಳೆಯನ್ನು ಎರಡು ಸಲ ನೋಡಿ, ‘ಮೂರು ನಿಮಿಷಾನಾ? ನನ್ನ ಹೆಂಡ್ತೀನೇ ನನ್ನ ಹತ್ರ ಅಷ್ಟು ಹೊತ್ತು ಮಾತಾಡಲ್ವಲ್ಲಯ್ಯಾ’ ಎಂದ. ವ್ಯಾಪಾರ ಕುದುರಿತು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮಾತಿನಲ್ಲೇ ಮನೆ ಕಟ್ಟಿದವನು. ಅಂದು ನನ್ನ ಮಾತು ನನಗೇ ರುಚಿಯಾಗಿ ಕಂಡಿತ್ತು.

ಯಂತ್ರ ಬಂದಿತು. ಬುರುಲ್ ತನ್ನ ದನಿಯಲ್ಲೇ ಹೇಳಿದಳು, ಖರೀದಿಗೆ ಒಂದು ಒತ್ತಿ, ಬೆಲೆಗೆ ಎರಡು, ಪಶುವೈದ್ಯರ ಸಲಹೆಗೆ ಮೂರು. ಹೀಗೆ ಹೇಳಿಕೊಟ್ಟ ಮುಂದಿನ ತಿಂಗಳು ಅವಳ ಕೆಲಸ ಹೋಯಿತು, ದನಿ ಮಾತ್ರ ಅಲ್ಲೇ ಉಳಿಯಿತು. ಪಶುವೈದ್ಯ ಹೆಚ್ಚು ಹೊತ್ತು ಹೊರಗೆ ತಿರುಗುತ್ತಿದ್ದುದರಿಂದ, ಮೂರು ಒತ್ತಿದವರು ತಮ್ಮ ಮಾತನ್ನು ಯಂತ್ರದಲ್ಲಿ ಬಿಟ್ಟುಹೋಗುವ ಏರ್ಪಾಡು ಮಾಡಿದೆ. ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು. ಯಂತ್ರವೇನೋ ಹತ್ತು ನಿಮಿಷ ಹಿಡಿದುಕೊಳ್ಳುತ್ತದೆ. ಮೂವತ್ತಕ್ಕೆ ಕಟ್ಟಿಹಾಕಿದವನು ನಾನು. ಮುಂದಿನ ವರ್ಷ, ಹೆಚ್ಚು ಹೊತ್ತು ಬೇಕೇ, ಅದಕ್ಕೆ ಬೇರೆ ದರ, ಎಂದು ಇನ್ನೊಂದು ಬಿಲ್ ಮಾಡಬಹುದಲ್ಲ! ಮೂವತ್ತು ಸೆಕೆಂಡಿನಲ್ಲಿ ನಮ್ಮವರು ಯಾರಾದರೂ ವಿಷಯಕ್ಕೆ ಬಂದದ್ದುಂಟೇ ಎಂದು ಯೋಚಿಸಲಿಲ್ಲ. ಅಂಥವರ ಮನೆಯಲ್ಲೇ ಹುಟ್ಟಿದವನಿಗೆ ಅದು ಹೊಳೆಯಬೇಕಿತ್ತು.

ನಿನ್ನ ಪೊಟ್ಟಣದ ಮೇಲಿನ ಬರಹ ನಮ್ಮ ಭಾಷೆಯಲ್ಲೂ ಇರಲಿಲ್ಲ, ರಷ್ಯನ್ನಿನಲ್ಲೂ ಇರಲಿಲ್ಲ. ಓದಲು ಬರುತ್ತಿದ್ದದ್ದು ಫೋನ್ ನಂಬರ್ ಒಂದೇ. ನೀನು ಕಣ್ಣು ಮುಚ್ಚಿ ಔಷಧ ಹಾಕಿದವಳಲ್ಲ, ಮೊದಲು ಕೇಳಿದೆ. ತುರ್ದುಬೆಕ್ ಇದನ್ನು ಕಿವಿಗೊಟ್ಟು ಕೇಳಲಿ. ಡಿಸೆಂಬರ್ ಮೂರು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹದಿನಾಲ್ಕು ನಿಮಿಷ. ‘ಹಲೋ ಮಗಳೇ, ಚೆನ್ನಾಗಿದೀಯಾ? ಮೈಯೆಲ್ಲ ಹುಷಾರಾ? ಅಪ್ಪ ಅಮ್ಮ ಆರಾಮಾಗಿದಾರಾ? ಅಲ್ಲಿ ಹಿಮ ಬಿತ್ತಾ? ದನಕರು ಚೆನ್ನಾಗಿದಾವಾ?’ ಪಟ್ಟಣದ ಹುಡುಗಿಗೆ ದನಕರು ಎಲ್ಲಿಂದ ಬರಬೇಕು, ಆದರೂ ಕೇಳಿದೆ. ಒಂದೊಂದು ಪ್ರಶ್ನೆಯ ನಂತರವೂ ಉತ್ತರಕ್ಕೆ ಜಾಗ ಬಿಟ್ಟು ಕಾದೆ. ಟಕ್, ಮುಗಿಯಿತು. ಮರುದಿನ ಮತ್ತೆ ಮಾಡಿದೆ. ಹೊಸ ಕರೆ, ಹಾಗಾಗಿ ಕುಶಲವೂ ಹೊಸದಾಗಿ ಮೊದಲಿನಿಂದ. ‘ನಿನ್ನೆ ಲೈನ್ ಕಟ್ಟಾಯ್ತು ಕಣಮ್ಮಾ, ಚಹಾ ಕುಡಿಯೋ ಹೊತ್ತಿಗೆ ಮಾಡಿದ್ನೇನೋ, ಕುಡಿದ್ರಾ?’ ಟಕ್. ಗುರುವಾರವೂ ಅದೇ ಕಥೆ. ಶುಕ್ರವಾರ ನೀನು ಅವಸರ ಮಾಡಿದೆ. ‘ಮಗಳೇ, ಕುಶಲ ಕೇಳದೆ ನೇರ ವಿಷಯಕ್ಕೆ ಬರ್ತಿದೀನಿ, ಬೇಜಾರು ಮಾಡ್ಕೋಬೇಡ. ಹೀಗೆಲ್ಲ ನಾನು ಯಾರ ಹತ್ರಾನೂ ಮಾತಾಡಿದೋಳಲ್ಲ, ನಿಮ್ಮಮ್ಮ ಕೇಳಿದ್ರೆ ಏನಂದ್ಕೋತಾರೋ ಏನೋ. ನನ್ನ ಹತ್ರ ಹತ್ತೊಂಬತ್ತು ಕುರಿ ಇದಾವೆ, ಎಲ್ಲಾ ಈಗ ತಾನೇ ಗಬ್ಬ...’ ಟಕ್. ಗಬ್ಬದ ಕುರಿಗೆ ಹಾಕಬಹುದಾ, ಮೂರೇ ಮೂರು ಮಾತಿನ ಪ್ರಶ್ನೆ. ಬೇಡ, ಒಂದೇ ಮಾತಿನ ಉತ್ತರ. ಬುರುಲ್ ಇದ್ದಿದ್ದರೆ ಸೋಮವಾರವೇ, ಕಾಲುಚೀಲದ ಒಂದು ಸುತ್ತು ಮುಗಿಯುವುದರೊಳಗೆ, ಅದನ್ನು ವೈದ್ಯನಿಂದ ಕೇಳಿ ಹೇಳುತ್ತಿದ್ದಳು. ವೈದ್ಯ ಸಂಜೆ ಬಂದು ಕೇಳಿದರೆ ಇಂಥವೇ ನಲವತ್ತು ಕರೆ, ಎಲ್ಲದರಲ್ಲೂ ಕುಶಲವೇ ಕುಶಲ. ಯಾರಿಗೆ ಏನು ಬೇಕೆಂದು ಗೊತ್ತಾಗದೆ ಹಾಗೇ ಬಿಟ್ಟುಬಿಡುತ್ತಿದ್ದನಂತೆ. ನಿನ್ನ ನಾಲ್ಕೂ ಕರೆ ಈಗಲೂ ಯಂತ್ರದಲ್ಲಿವೆ, ಕೇಳಿಯೇ ಬರೆದಿದ್ದೇನೆ. ತಿರುಗಿ ಫೋನ್ ಮಾಡಬೇಕೆಂದು ಅವನಿಗೂ ತೋಚಲಿಲ್ಲ.

ಶನಿವಾರ ತುರ್ದುಬೆಕ್ಕನೇ ದೊಡ್ಡಿಯ ಬಾಗಿಲಲ್ಲಿ ನಿಂತು, ‘ಕುರಿ ಸೊರಗಿ ಸಾಯ್ತಿವೆ, ಇನ್ನೂ ಯಾರನ್ನ ಕೇಳ್ಬೇಕು ಅತ್ತಿಗೇ, ಕುರೀನೇ ಕೇಳ್ತೀರಾ?’ ಎಂದನಂತೆ. ನೀನು ಔಷಧ ಹಾಕಿದ್ದು ಆಮೇಲೆ. ಮುಂದಿನ ತಿಂಗಳು ಒಂದೊಂದಾಗಿ ಹದಿನಾಲ್ಕು ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದವು. ಈಗ ಅವನು ಊರೆಲ್ಲ ಹೆಂಗಸಿನ ಕೈಗೆ ಮಂದೆ ಕೊಟ್ಟರೆ ಹೀಗೇ ಎನ್ನುತ್ತಿದ್ದಾನೆಂದು ನೀನೇ ಹೇಳಿದೆ. ನನಗೆ ಇದೆಲ್ಲ ತಿಳಿದದ್ದು ಜನವರಿ ಕೊನೆಯಲ್ಲಿ, ನೀನು ಫೋನಿನಲ್ಲಿ ಹೇಳಿದ ಮೇಲೆ. ಕಂಪನಿಯ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ನೀನು, ‘ತಪ್ಪು ನಂದೇ ಕಣೋ ಕೆರೀಮ್, ಆ ಹುಡುಗಿ ಪಾಪ ಎಷ್ಟೋ ಹೊತ್ತು ಸುಮ್ನೆ ಕೇಳಿಸ್ಕೊಂಡ್ಳು, ನಾನೇ ವಿಷಯ ಬೇಗ ಹೇಳ್ಬೇಕಿತ್ತು’ ಎಂದೆ. ಅದು ಹುಡುಗಿಯಲ್ಲ, ಯಂತ್ರ ಎಂದು ನಾನು ಹೇಳಲಿಲ್ಲ. ಹೋಗಲಿ ಬಿಡಕ್ಕಾ ಎಂದೆ. ಅಮ್ಮ ಹೋದ ಮೇಲೆ ನಿನ್ನ ಬಟ್ಟಲಿನಿಂದ ತೆಗೆದು ನನಗೆ ಉಣ್ಣಿಸಿದವಳಿಗೆ ನಾನು ಹೇಳಿದ ಸಮಾಧಾನ ಅಷ್ಟೇ.

ಇದರ ಜೊತೆ ಕಂಪನಿಯ ಕಾಗದವೊಂದಿದೆ, ಮೊಹರು ಇದೆ. ನಿನ್ನ ನಂಬರಿನಿಂದ ಯಾವ ದಿನ, ಎಷ್ಟು ಗಂಟೆಗೆ ನಾಲ್ಕು ಕರೆ ಬಂದವು ಎಂಬುದು ಅದರಲ್ಲಿದೆ. ಗಬ್ಬ ನಿಂತ ಹೊಸದರಲ್ಲಿ ಆ ಔಷಧ ಹಾಕಬಾರದೆಂದು, ಕೇಳಿದವಳಿಗೆ ಉತ್ತರ ಕೊಡದಿದ್ದದ್ದು ಕಂಪನಿಯ ತಪ್ಪೆಂದು ವೈದ್ಯ ಬರೆದು ರುಜು ಹಾಕಿದ್ದಾನೆ. ಒಡೆಯ ಮೊಹರು ಒತ್ತಲು ಮೂರು ದಿನ ಸತಾಯಿಸಿದ. ಎರಡು ವರ್ಷ ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆಂದು ಒಪ್ಪಿಸಿದೆ. ಮಂದೆ ನಿನ್ನ ಕೈಯಲ್ಲೇ ಉಳಿಯಬೇಕು. ಹಿರಿಯರು ಕೂರುವ ದಿನ ತಿಳಿಸು, ನಾನೂ ಬಂದು ಹೇಳುತ್ತೇನೆ. ಅಂದಹಾಗೆ ಅಲ್ಲೀಗ ಮೂವತ್ತು ಸೆಕೆಂಡು ತೆಗೆದು ಹತ್ತು ನಿಮಿಷ ಮಾಡಿದ್ದೇನೆ.

ದೇವರು ನಿನ್ನ ಮನೆಗೆ, ದೊಡ್ಡಿಗೆ ಒಳ್ಳೆಯದು ಮಾಡಲಿ. ಅಳಿಯನಿಗೆ ಸಲಾಂ, ಕೂಸಿನ ಎರಡೂ ಕೆನ್ನೆಗೆ ಮುತ್ತು. ಕಾಲು ಬೆಚ್ಚಗಿಟ್ಟುಕೋ.

ನಿನ್ನ ತಮ್ಮ,
ಕೆರೀಮ್

ತಾ. ಕ.: ಈ ಕಾಗದ ತರುವ ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಜನವರಿಯಲ್ಲಿ ತಿಳಿಯಿತು ಎಂದು ಮೇಲೆ ಬರೆದದ್ದು ಸುಳ್ಳು. ಡಿಸೆಂಬರ್ ಐದು, ಬುಧವಾರ, ಹಣದ ಎರಡನೇ ಕಂತು ಕೇಳಲು ನಾನು ಆ ಕಚೇರಿಗೆ ಹೋಗಿದ್ದೆ. ಎಲ್ಲರೂ ಚಹಾಕ್ಕೆ ಕುಳಿತಿದ್ದರು. ತಮಾಷೆ ಕೇಳಿ ಎಂದು ವೈದ್ಯ ನಿನ್ನ ಎರಡು ಕರೆಗಳನ್ನು ಹಾಕಿದ. ಮೊದಲ ಹಲೋದಲ್ಲೇ ನನಗೆ ನಿನ್ನ ಗುರುತು ಹತ್ತಿತು. ‘ಯಾರ ಮನೆ ಮುದುಕಿನೋ, ಮೆಷೀನಿಗೂ ಚಹಾ ಕುಡಿದ್ಯಾ ಅಂತಾಳೆ!’ ಎಂದು ಒಡೆಯ ಮೇಜು ಕುಟ್ಟಿ ನಕ್ಕ. ನಾನೂ ನಕ್ಕೆ. ‘ಬೆಟ್ಟದ ಜನ ಸ್ವಾಮಿ, ಇಂಥೋರಿಗೇ ಅಲ್ವಾ ಈ ಮೆಷೀನು’ ಎಂದೂ ಹೇಳಿದೆ. ಕಂತು ಕೊಟ್ಟರು. ಹೊರಗೆ ಬಂದು ನಿನಗೊಂದು ಫೋನ್ ಮಾಡಬಹುದಿತ್ತು. ಮಾಡಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀಯೆಂದು ಮಾಡಲಿಲ್ಲ. ನಾನು ನಕ್ಕ ಮೇಲೆ ನೀನು ಇನ್ನೂ ಎರಡು ಸಲ ಕರೆ ಮಾಡಿದೆ. ನೀನು ಔಷಧ ಹಾಕುವುದಕ್ಕೆ ಇನ್ನೂ ಮೂರು ದಿನ ಇತ್ತು. ಈ ಸಾಲುಗಳನ್ನು ಹಿರಿಯರ ಮುಂದೆ ಓದಿಸುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಬರುವುದು ಬೇಡ ಎಂದರೆ ಬರುವುದಿಲ್ಲ.

ಯಾರಿಗೆ ಏನು ಸಿಕ್ಕಿತು ಎಂದರೆ, ಕಂಪನಿಗೆ ಸದ್ದಿಲ್ಲದ ಬೆಳಗು, ಉಳಿದ ಒಂದು ಸಂಬಳ. ವೈದ್ಯನಿಗೆ ಒಂದು ವಾರದ ನಗು. ತುರ್ದುಬೆಕ್‌ಗೆ ಬಾಯಿ ಮಾಡಲು ಒಂದು ಕಾರಣ. ನನಗೆ ಎರಡನೇ ಕಂತು, ಅದರ ಹಿಂದೆಯೇ ಮೂರು ಹೊಸ ಕಚೇರಿಗಳ ಕೆಲಸ. ಬುರುಲ್‌ಗೆ ಏನೂ ಇಲ್ಲ. ನಿನಗೆ, ಬರುವ ಏಪ್ರಿಲ್‌ನಲ್ಲಿ, ಐದು ಮರಿ.