ಅಪ್ಪನ ಹೆಸರು ಹೊತ್ತ ದವಡೆ

ಹಲ್ಲಿನಂಗಡಿಯ ಹಿಂದಿನ ಕೋಣೆ,
ಮಾರ್ಚ್ 12, ಮಂಗಳವಾರ

ಪ್ರೀತಿಯ ತಮ್ಮಾ, (ಹೀಗೆ ಶುರು ಮಾಡುವುದು ರೂಢಿ, ಅದಕ್ಕೇ ಬರೆದೆ.)

ಆರೋಗ್ಯವಾಗಿದ್ದೀಯಾ? ಪೇಪರಿನಲ್ಲಿ ಆ ದವಡೆಮೂಳೆ ಹಿಡಿದು ನಗುತ್ತಿರುವ ನಿನ್ನ ಫೋಟೋ ನೋಡಿದೆ. ಗಲ್ಲ ತುಂಬಿಕೊಂಡಿದೆ, ನಿದ್ದೆ ಚೆನ್ನಾಗಿ ಬರುತ್ತಿರಬೇಕು. ನನಗೆ ನಾಲ್ಕು ದಿನದಿಂದ ಬಂದಿಲ್ಲ. ಅಮ್ಮ ಆ ಫೋಟೋ ಕತ್ತರಿಸಿ ಅಪ್ಪನ ಪಟದ ಪಕ್ಕ ಅಂಟಿಸಿದ್ದಾಳೆ.

ನೆಲ ಅಗೆದಾಗ ಮನುಷ್ಯನಿಗೂ ವಾನರನಿಗೂ ನಡುವೆ ನಿಂತ ಹೊಸ ನೆಂಟನೊಬ್ಬ ಸಿಕ್ಕಿದ್ದಾನೆ, ದವಡೆ ವಾನರನದು, ಹಲ್ಲಿನ ಸವೆತ ಮಾತ್ರ ಮನುಷ್ಯನದು, ಅವನಿಗೆ ನಮ್ಮಪ್ಪನ ಹೆಸರಿಟ್ಟಿದ್ದೇನೆ ಎಂದು ನೀನು ಹೇಳಿದಾಗ ಇಡೀ ಬೀದಿಗೆ ಸಾರಿಕೊಂಡು ಬಂದವಳು ನಾನೇ. ಮ್ಯೂಸಿಯಮ್ಮಿನಲ್ಲಿಡಲು ನಕಲು ಬೇಕೆಂದು ಅಸಲನ್ನೇ ನನಗೆ ಕಳಿಸಿದೆ. ಫೋನಿನಲ್ಲಿ ಏನಂದೆ? "ಅಕ್ಕಾ, ನೀನು ಅಚ್ಚು ತೆಗೆದುಕೊಡು ಸಾಕು, ಮಿಕ್ಕಿದ್ದು ನಿಂಗೆ ಅರ್ಥ ಆಗಲ್ಲ." ನಿಜ, ನಿನ್ನ ಲಕ್ಷಾಂತರ ವರ್ಷಗಳ ವಿಷಯ ನನಗೆ ತಿಳಿಯದು. ಆದರೆ ಮೂವತ್ತೊಂದು ವರ್ಷದಿಂದ ಕಂಡವರ ಬಾಯಿಯೊಳಗೆ ಇಣುಕಿ, ಕಟ್ಟುಹಲ್ಲು ಮಾಡಿಕೊಂಡು ಬದುಕಿದವಳಪ್ಪಾ ನಾನು. ಅಗಿದು ಸವೆದ ಹಲ್ಲಿನ ನಡುವೆ ತಗ್ಗು ಬೀಳುತ್ತದೆ, ಅಂಚು ಉರುಟಾಗುತ್ತದೆ, ಗೀರುಗಳು ದಿಕ್ಕಾಪಾಲಾಗಿರುತ್ತವೆ. ನಿನ್ನ ನೆಂಟನ ಎರಡೂ ದವಡೆಹಲ್ಲುಗಳು ಮೇಜಿನ ಹಾಗೆ ಮಟ್ಟಸ. ಭೂತಗನ್ನಡಿ ಇಟ್ಟರೆ ಒಂದೇ ಕಡೆಗೆ ಎಳೆದ ಅರದ ಗೀರು. ಅಂಚಂತೂ ಬ್ಲೇಡು.

ಆ ಅಂಚು ಯಾರ ಕೈಯದು ಎಂದು ಗುರುತಿಸಲು ನನಗೆ ಕನ್ನಡಿಯೂ ಬೇಕಿರಲಿಲ್ಲ. ಅಪ್ಪನ ಕೈಕೆಳಗೆ ಇದೇ ಬೆಂಚಿನಲ್ಲಿ ನೀನು ಉಜ್ಜಿದ ಹಲ್ಲು ಹಾಕಿಕೊಂಡು ಹೋದವರು ಮೂರನೇ ದಿನಕ್ಕೆ ಕುಯ್ದ ನಾಲಿಗೆ ಚಾಚಿಕೊಂಡು ವಾಪಸು ಬರುತ್ತಿದ್ದರು. "ನಾಲಿಗೆಗೆ ಕಣ್ಣಿಲ್ಲ ಕಣೋ, ಅಂಚು ನೀನೇ ನೋಡ್ಬೇಕು" ಎಂದು ಅಪ್ಪ ಹೇಳೀ ಹೇಳೀ ಸೋತರು. ಓದಿ ದೊಡ್ಡವನಾದೆ, ಅಂಚು ನಯ ಮಾಡುವುದನ್ನು ಮಾತ್ರ ಕಲಿಯಲಿಲ್ಲ.

ಯಾವ ವಾನರನ ದವಡೆ ಹುಡುಕಿ ತಂದೆಯೋ, ಹಳೆಯದಾಗಿ ಕಾಣಲೆಂದು ಎಷ್ಟು ದಿನ ಬಣ್ಣದ ನೀರಿನಲ್ಲಿ ನೆನೆಹಾಕಿದೆಯೋ, ನಾನು ಕೇಳುವುದಿಲ್ಲ. ಆ ಸುಳ್ಳಿಗೆ ನಿನ್ನ ಹೆಸರನ್ನೇ ಇಟ್ಟುಕೊಂಡಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ. ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾದರೂ ಇಡೀ ಸೆಟ್ಟು ಒಡೆದು ಹೊಸದಾಗಿ ಮಾಡುತ್ತಿದ್ದ ಮನುಷ್ಯನ ಹೆಸರನ್ನು ತಂದು ಅದಕ್ಕೆ ಅಂಟಿಸಿದೆಯಲ್ಲೋ. ಶುಕ್ರವಾರದೊಳಗೆ ನೀನಾಗಿಯೇ ಮ್ಯೂಸಿಯಮ್ಮಿಗೆ ಹೋಗಿ ಒಪ್ಪಿಕೋ. ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಉಸಿರೆತ್ತುವುದಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಇದೇನೂ ಗೊತ್ತಿಲ್ಲ. ನನ್ನ ಕಡೆಯಿಂದ ತಿಳಿಸುವಂಥದ್ದು ಸದ್ಯಕ್ಕೆ ಇಲ್ಲ.

ನಿನ್ನ ಅಕ್ಕ

ಬುಧವಾರ ಬೆಳಿಗ್ಗೆ, ಅವಸರದಲ್ಲಿ: ಕವರು ಅಂಟಿಸುವ ಮೊದಲೇ ಮ್ಯೂಸಿಯಮ್ಮಿನ ಮುಖ್ಯಸ್ಥರು ನಕಲು ಕೇಳಿಕೊಂಡು ಬಂದುಬಿಟ್ಟರು. ಆಗಿಲ್ಲ ಎಂದೆ. "ಯಾಕಮ್ಮಾ?" ಎಂದರು. ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ ಕಣೋ, ಬರಲಿಲ್ಲ. ದವಡೆಯನ್ನು ಅವರ ಮುಂದೆ ಸರಿಸಿ ದೀಪ ಹಾಕಿದೆ. ಬಹಳ ಹೊತ್ತು ನೋಡಿ, "ಇದು ಯಾರ ಕೆಲಸ?" ಎಂದು ಕೇಳಿದರು. ನನ್ನ ತಮ್ಮನದು ಎಂದೆ. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಇದನ್ನು ಓದುತ್ತಿರುವಾಗ ಅವರು ಎದುರಿಗೇ ನಿಂತಿರುತ್ತಾರೆ. ಕೂತುಕೊಳ್ಳಲು ಹೇಳು.