ಹೊಸ ಶಾಲೆಯ ಮೊದಲ ದಿನ

ತಮ್ಮಾ,

ಅಮ್ಮನ ಮಾತ್ರೆ ಫ್ರಿಜ್ ಮೇಲಿದೆ. ಊಟವಾದ ಮೇಲೆ ಕೊಡು, ಮರೆತೆಯೋ ನೋಡು!

ಮಹಿಳಾ ನಾಯಕತ್ವದ ಸಮ್ಮೇಳನ, ವಿದೇಶದಲ್ಲಿ ಭಾಷಣ ಅಂತ ಎಷ್ಟು ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ. ನಾನು ಹೊಸ ಶಾಲೆಗೆ ಹೊರಟಿದ್ದೇನೆ ಅಂದುಕೊಂಡಿದ್ದಾಳೆ. ಸೂಟ್‌ಕೇಸಿನಲ್ಲಿ ಪೆನ್ಸಿಲ್ ಇಟ್ಟು, "ಅಳಬೇಡ ಪುಟ್ಟಿ, ಪಕ್ಕದಲ್ಲಿ ಕೂತವಳ ಹೆಸರು ಕೇಳು, ಗೆಳತಿಯರು ಸಿಗ್ತಾರೆ" ಅಂದಳು. ತಲೆ ನರೆತ ಪುಟ್ಟಿ ನಾನು, ಹೂಂ ಅಂದೆ.

ಸಂಜೆ ನನ್ನನ್ನು ಕರೆದುಕೊಳ್ಳಲು ನಮ್ಮ ಮನೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾಳೆ. ನಿನ್ನ ಅಭ್ಯಾಸದಂತೆ ತಿದ್ದಲು ಹೋಗಬೇಡ, ರೇಗಬೇಡ ಮಾರಾಯ. "ಅಕ್ಕನಿಗೆ ಗೆಳತಿಯರು ಸಿಕ್ಕಿದ್ರಂತೆ, ಆಡ್ತಿದ್ದಾಳೆ" ಅನ್ನು. ಖುಷಿಯಾಗಿ ಒಳಗೆ ಬರುತ್ತಾಳೆ. ಮರುದಿನವೂ ನಿಲ್ಲುತ್ತಾಳೆ, ಮತ್ತೆ ಹಾಗೇ ಹೇಳು.

ಸುಮ್ಮಸುಮ್ಮನೆ ಫೋನ್ ಮಾಡಬೇಡ. ಅವಳು ಗೇಟಿಗೆ ಬರುವುದನ್ನೇ ಮರೆತ ಸಂಜೆ ಮಾಡು.

ಅಕ್ಕ